ತುಂಗಭದ್ರೆಯ ಬಲದಂಡೆಯಲ್ಲಿ ನುಸಿ ಮತ್ತು ಬೇಟೆನುಸಿ

ಕಂಪ್ಲಿಯ ಗೊಬ್ಬರದ ಅಂಗಡಿಯ ಮುಂದೆ ನಿಂತ ರೈತ ಮುದುಡಿದ ಮೆಣಸಿನ ಕುಡಿಯೊಂದನ್ನು ತೋರಿಸಿ “ನುಸಿ ಬಿದ್ದೈತ್ರಿ, ಎಣ್ಣಿ ಕೊಡ್ರಿ” ಎನ್ನುತ್ತಾನೆ. ಆ ಮಾತಿನ ‘ನುಸಿ’ ಯಾವುದು? ಈ ಟಿಪ್ಪಣಿ ಶುರುವಾಗಬೇಕಾದದ್ದು ಅಲ್ಲಿಂದಲೇ. ಕನ್ನಡದಲ್ಲಿ ಅಕ್ಕಿ ಡಬ್ಬಿಯ ಪುಟ್ಟ ಹುಳುವೂ ನುಸಿ. ಹೊಲಕ್ಕೆ ಬಂದರೆ ಥ್ರಿಪ್ಸ್ ಕೂಡ ನುಸಿ, ಮೈಟ್ ಕೂಡ ನುಸಿ. ನಮ್ಮ ಕೃಷಿ ಕೈಪಿಡಿಗಳಲ್ಲಿಯೂ ‘ಥ್ರಿಪ್ಸ್ ನುಸಿ’, ‘ಮೈಟ್ ನುಸಿ’ ಎಂಬ ಜೋಡಿಪದಗಳು ಅಕ್ಕಪಕ್ಕದಲ್ಲೇ ಕಾಣುತ್ತವೆ. ಥ್ರಿಪ್ಸ್ ಆರು ಕಾಲಿನ ಕೀಟ. ಮೈಟ್ ಕೀಟವೇ ಅಲ್ಲ; ಎಂಟು ಕಾಲಿನ, ಜೇಡ ಮತ್ತು ಉಣ್ಣೆಗಳ ಬಳಗಕ್ಕೆ ಸೇರಿದ ಜೀವಿ. ಒಂದನ್ನು ಕೊಲ್ಲುವ ಔಷಧ ಇನ್ನೊಂದನ್ನು ಕೊಲ್ಲಲೇಬೇಕೆಂದಿಲ್ಲ; ಎಷ್ಟೋ ಸಲ ಅದನ್ನು ಹೆಚ್ಚಿಸಿಬಿಡುತ್ತದೆ. ಈ ಎರಡರ ಜೊತೆಗೆ ಅದೇ ಎಲೆಯ ಅಡಿಯಲ್ಲಿ ಮೂರನೆಯದೊಂದು ಓಡಾಡುತ್ತಿರುತ್ತದೆ. ಅದೂ ಮೈಟ್, ಆದರೆ ಬೆಳೆಯನ್ನು ತಿನ್ನುವುದಿಲ್ಲ. ಬೆಳೆ ತಿನ್ನುವ ಮೈಟನ್ನು ತಿನ್ನುತ್ತದೆ. ಪುಸ್ತಕದಲ್ಲಿ ಅದಕ್ಕೆ ‘ಪರಭಕ್ಷಕ ನುಸಿ’ ಎಂದು ಹೆಸರಿದೆ, ಹೊಲದ ಮಾತಿನಲ್ಲಿ ಹೆಸರಿಲ್ಲ. ಹೆಸರಿಲ್ಲದ್ದನ್ನು ಯಾರೂ ಉಳಿಸಿಕೊಳ್ಳುವುದಿಲ್ಲ.

ಹೊಸಪೇಟೆ, ಹಂಪಿ, ಕಂಪ್ಲಿ, ಸಂಡೂರುಗಳ ಮಟ್ಟಿಗೆ ನನ್ನ ವಾದ ಇಷ್ಟು: ಇಲ್ಲಿ ಜೈವಿಕ ನಿಯಂತ್ರಣವೆಂದರೆ ಹೊರಗಿನಿಂದ ಬಾಟಲಿಯಲ್ಲಿ ತಂದು ಬಿಡುವ ಬೇಟೆಗಾರನಿಗಿಂತ ಮೊದಲು, ಎಲೆಯಡಿ ಈಗಾಗಲೇ ಇರುವ ಬೇಟೆಗಾರನನ್ನು ಗುರುತಿಸಿ ಬದುಕಲು ಬಿಡುವುದು. ಅದು ಬದುಕುತ್ತದೋ ಇಲ್ಲವೋ ಎಂಬುದನ್ನು ಈ ಸೀಮೆಯಲ್ಲಿ ತೀರ್ಮಾನಿಸುವುದು ಕಾಲುವೆಯ ನೀರು, ಗಣಿಯ ಧೂಳು ಮತ್ತು ಸಿಂಪಡಣೆಯ ಎಣ್ಣೆ, ಅಂದರೆ ಔಷಧ.

ಮೆಣಸಿನಕಾಯಿಯ ಮುಟುರು ರೋಗದಿಂದ ಆರಂಭಿಸುತ್ತೇನೆ, ಏಕೆಂದರೆ ಹೆಸರಿನ ಗೊಂದಲಕ್ಕೆ ಅತಿ ಹೆಚ್ಚು ಬೆಲೆ ತೆತ್ತ ಬೆಳೆ ಅದು. ಕೀಟಶಾಸ್ತ್ರಜ್ಞ ಎಂ. ಪುಟ್ಟರುದ್ರಯ್ಯನವರು 1959ರಲ್ಲಿಯೇ ಮೈಸೂರು ಅಗ್ರಿಕಲ್ಚರಲ್ ಜರ್ನಲ್‌ನಲ್ಲಿ ಮೆಣಸಿನ ಎಲೆ ಮುಟುರನ್ನು ಒಂದು ‘ಸಂಕೀರ್ಣ’ ಎಂದು ಕರೆದು ಬರೆದಿದ್ದರು. ಕೀಟಶಾಸ್ತ್ರದ ಇಂಗ್ಲಿಷ್ ಬರಹಗಳಲ್ಲಿ ಇಂದಿಗೂ ಇದಕ್ಕೆ ‘ಮುರ್ಡಾ’ ಎಂಬ ನಮ್ಮ ಕಡೆಯ ಹೆಸರೇ ನಿಂತಿದೆ. ಸಂಕೀರ್ಣ ಎಂದರೆ ಒಂದೇ ರೋಗವಲ್ಲ, ಹಲವು ಕಾರಣಗಳ ಒಂದೇ ಮುಖ. ಥ್ರಿಪ್ಸ್ ರಸ ಹೀರಿದರೆ ಎಲೆಯ ಅಂಚು ಮೇಲಕ್ಕೆ ಮಡಚಿ ದೋಣಿಯಂತಾಗುತ್ತದೆ. ಹಳದಿ ನುಸಿ, ಅಂದರೆ ಪಾಲಿಫ್ಯಾಗೊಟಾರ್ಸೊನೀಮಸ್ ಲೇಟಸ್ ಎಂಬ ಮೈಟ್, ಹೀರಿದರೆ ಎಲೆ ಕೆಳಕ್ಕೆ ಬಾಗಿ ಬೋರಲು ಹಾಕಿದ ದೋಣಿಯಂತಾಗುತ್ತದೆ, ತೊಟ್ಟು ಉದ್ದವಾಗುತ್ತದೆ. ಬಿಳಿನೊಣ ಹರಡುವ ನಂಜುರೋಗ ಮೂರನೆಯ ಕಾರಣ. ಈ ಹಳದಿ ನುಸಿಯ ಬಗೆಯೇ ವಿಚಿತ್ರ. ಅದು ಬಲೆ ನೇಯುವುದಿಲ್ಲ, ಬರಿಗಣ್ಣಿಗೆ ಬೀಳುವುದಿಲ್ಲ; ಗಂಡು ನುಸಿ ಇನ್ನೂ ಬಲಿಯದ ಹೆಣ್ಣನ್ನು ಬೆನ್ನ ಮೇಲೆ ಹೊತ್ತು ಎಳೆ ಕುಡಿಗೆ ಸಾಗಿಸುತ್ತದೆ. ದೂರದ ಪ್ರಯಾಣಕ್ಕೆ ಬಿಳಿನೊಣದ ಕಾಲನ್ನೇ ಹಿಡಿದುಕೊಂಡು ಹೋಗುತ್ತದೆ. ಒಂದು ಪೀಡೆ ಇನ್ನೊಂದಕ್ಕೆ ಬಂಡಿಯಾಗುವ ಹೊಲದಲ್ಲಿ ಕಾರಣವನ್ನು ಬಿಡಿಸಿ ನೋಡುವುದು ಸುಲಭವಲ್ಲ, ಒಪ್ಪುತ್ತೇನೆ. ಆದರೂ ಎಲೆ ಮೇಲಕ್ಕೆ ಮಡಚಿದೆಯೋ ಕೆಳಕ್ಕೆ ಬಾಗಿದೆಯೋ ಎಂದು ನೋಡಲು ಯಂತ್ರ ಬೇಕಿಲ್ಲ.

2021ರ ಕೊನೆಯಲ್ಲಿ ಬಂದದ್ದು ಬೇರೆಯದೇ ಥ್ರಿಪ್ಸ್. ಥ್ರಿಪ್ಸ್ ಪಾರ್ವಿಸ್ಪೈನಸ್ ಎಂಬ ಈ ಹೊರನಾಡಿನ ಜಾತಿ ಭಾರತದಲ್ಲಿ ಮೊದಲು ವರದಿಯಾದದ್ದು 2015ರಲ್ಲಿ, ಬೆಂಗಳೂರಿನ ಪರಂಗಿ ಗಿಡಗಳ ಮೇಲೆ. ಆರು ವರ್ಷದ ನಂತರ ಅದು ಆಂಧ್ರ, ತೆಲಂಗಾಣ ಮತ್ತು ನಮ್ಮ ಬಳ್ಳಾರಿ ಸೀಮೆಯ ಮೆಣಸಿನ ಹೂವುಗಳಲ್ಲಿ ಗುಂಪುಗುಂಪಾಗಿ ಕೂತಿತು. ಹೂವು ಉದುರಿತು, ಕಾಯಿ ಕಚ್ಚಲಿಲ್ಲ, ಎಷ್ಟೋ ಕಡೆ ಗಿಡಗಳನ್ನೇ ಕಿತ್ತುಹಾಕಿದರು. ಆ ಹಂಗಾಮಿನಲ್ಲಿ ವಾರಕ್ಕೊಂದು, ವಾರಕ್ಕೆರಡು ಸಿಂಪಡಣೆ ಎಂಬುದು ಮಾಮೂಲಾಗಿತ್ತು. ಸಾಲ ಮಾಡಿ ಬೆಳೆದ ಬೆಳೆ ಕಣ್ಣೆದುರೇ ಹೋಗುತ್ತಿರುವಾಗ ಯಾರೂ ಸುಮ್ಮನೆ ಕೂರುವುದಿಲ್ಲ, ಹಾಗೆ ಹೊಡೆದವರನ್ನು ದೂರುವ ಮನಸ್ಸೂ ನನಗಿಲ್ಲ. ಆದರೆ ಅದರ ಪರಿಣಾಮವನ್ನು ದಾಖಲಿಸಲೇಬೇಕು. ಸಂಶ್ಲೇಷಿತ ಪೈರೆಥ್ರಾಯ್ಡ್‌ಗಳನ್ನು ಮತ್ತೆ ಮತ್ತೆ ಹೊಡೆದಲ್ಲಿ ಮೈಟ್ ಹೆಚ್ಚುತ್ತದೆ ಎಂಬುದು ಪ್ರಪಂಚದ ಎಷ್ಟೋ ಬೆಳೆಗಳಲ್ಲಿ ಕಂಡ ಸಂಗತಿ. ಇಮಿಡಾಕ್ಲೋಪ್ರಿಡ್‌ನ ಬಳಿಕ ಬಲೆ ನೇಯುವ ಜೇಡನುಸಿ ಏರಿದ ದಾಖಲೆಗಳೂ ಇವೆ. ಎರಡನೆಯ ಮಹಾಯುದ್ಧದ ನಂತರ ಡಿಡಿಟಿ ಹೊಡೆದ ಹಣ್ಣಿನ ತೋಟಗಳಲ್ಲಿ ಮೊದಲ ಬಾರಿಗೆ ಕಂಡದ್ದೂ ಇದೇ. ಅಲ್ಲಿಯವರೆಗೆ ಜೇಡನುಸಿ ದೊಡ್ಡ ಪೀಡೆಯೇ ಆಗಿರಲಿಲ್ಲ. ಡಿಡಿಟಿ ಅದನ್ನು ಕೊಲ್ಲದೆ, ಅದನ್ನು ತಿನ್ನುತ್ತಿದ್ದವರನ್ನು ಕೊಂದಿತು.

ತಿನ್ನುತ್ತಿದ್ದವರು ಯಾರು? ಮುಖ್ಯವಾಗಿ ಫೈಟೊಸೀಯಿಡೀ ಎಂಬ ಕುಟುಂಬದ ಪರಭಕ್ಷಕ ನುಸಿಗಳು, ಅಂದರೆ ಬೇಟೆನುಸಿಗಳು. ಉದ್ದ ಅರ್ಧ ಮಿಲಿಮೀಟರಿಗಿಂತ ಕಡಿಮೆ, ಮೈ ಹೊಳಪು, ಆಕಾರ ಪೇರಳೆಯ ಬೀಜದಂತೆ. ಇವುಗಳಿಗೆ ಕಣ್ಣಿಲ್ಲ. ಮುಂದಿನ ಎರಡು ಕಾಲುಗಳನ್ನು ಕುರುಡರ ಕೋಲಿನಂತೆ ಆಡಿಸುತ್ತಾ, ವಾಸನೆ ಮತ್ತು ಸ್ಪರ್ಶದಿಂದಲೇ ಬೇಟೆ ಹುಡುಕುತ್ತವೆ. ನುಸಿ ಕಡಿದ ಗಿಡವೇ ಒಂದು ಬಗೆಯ ಗಂಧವನ್ನು ಹೊರಬಿಟ್ಟು ಬೇಟೆಗಾರನನ್ನು ಕರೆಯುತ್ತದೆ ಎಂಬುದನ್ನು 1980ರ ದಶಕದಲ್ಲಿ ನೆದರ್ಲೆಂಡ್ಸ್‌ನಲ್ಲಿ ಮಾರಿಸ್ ಸಬೇಲಿಸ್ ಮತ್ತು ಮಾರ್ಸೆಲ್ ಡಿಕೆ ಅವರು ಲೈಮಾ ಅವರೆಯ ಗಿಡಗಳ ಮೇಲೆ ತೋರಿಸಿದರು. ಜೇಡನುಸಿಯ ಹೆಣ್ಣು ನೂರರ ಆಸುಪಾಸಿನಲ್ಲಿ ಮೊಟ್ಟೆಯಿಡುತ್ತದೆ, ಬೇಟೆನುಸಿಯದು ಅಷ್ಟಿಲ್ಲ. ಆದರೆ ಮೊಟ್ಟೆಯಿಂದ ಪ್ರಾಯಕ್ಕೆ ಬರುವುದರಲ್ಲಿ ಬೇಟೆನುಸಿಯೇ ಮುಂದು, ಅನುಕೂಲ ಹವೆಯಲ್ಲಿ ಒಂದೇ ವಾರ ಸಾಕು. ಸಂಖ್ಯೆಯ ಕೊರತೆಯನ್ನು ಅದು ವೇಗದಲ್ಲಿ ತುಂಬಿಕೊಳ್ಳುತ್ತದೆ.

ಈ ವಿದ್ಯೆ ಕರ್ನಾಟಕಕ್ಕೆ ಹೊಸದಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಜಿ.ಪಿ. ಚನ್ನಬಸವಣ್ಣ ಅವರು ಕಟ್ಟಿದ ನುಸಿಶಾಸ್ತ್ರದ ಪರಂಪರೆ ದೇಶಕ್ಕೇ ಮೊದಲ ಸಾಲಿನದು. ಏಳನೆಯ ಅಂತಾರಾಷ್ಟ್ರೀಯ ನುಸಿಶಾಸ್ತ್ರ ಸಮ್ಮೇಳನ 1986ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿಯೇ ನಡೆಯಿತು. ಅದರ ಪ್ರಬಂಧಗಳನ್ನು ಚನ್ನಬಸವಣ್ಣ ಮತ್ತು ಸಿ.ಎ. ವಿರಕ್ತಮಠ ಅವರು ಸಂಪಾದಿಸಿ 1989ರಲ್ಲಿ ಹೊರತಂದರು. ಇದೇ ಬೆಂಗಳೂರು ತಂಡದ ಬಿ. ಮಲ್ಲಿಕ್ ಮತ್ತು ಸಂಗಡಿಗರು ಪಾಲಿಹೌಸಿನ ಗುಲಾಬಿಯ ಜೇಡನುಸಿಯ ಮೇಲೆ ನಮ್ಮ ನೆಲದ ಬೇಟೆನುಸಿಯನ್ನು ಬಿಟ್ಟು ಹತೋಟಿಗೆ ತಂದದ್ದನ್ನು ವರದಿ ಮಾಡಿದ್ದಾರೆ. ಆ ಬೇಟೆನುಸಿಯೇ ನಿಯೋಸಿಯುಲಸ್ ಲಾಂಗಿಸ್ಪೈನೋಸಸ್. 1952ರಲ್ಲಿ ಇವಾನ್ಸ್ ಎಂಬ ನುಸಿತಜ್ಞ ಇದನ್ನು ವರ್ಣಿಸಿ ಹೆಸರಿಟ್ಟ. ‘ಉದ್ದ ಮುಳ್ಳಿನದು’ ಎಂಬರ್ಥದ ಆ ಹೆಸರು ಅದರ ಬೆನ್ನಿನ ನೀಳ ರೋಮಗಳಿಂದ ಬಂದದ್ದು. ಆ ರೋಮಗಳಿರುವುದರಿಂದಲೇ ಅದು ಜೇಡನುಸಿಯ ಬಲೆಯೊಳಗೆ ಸಿಕ್ಕಿಕೊಳ್ಳದೆ ನುಗ್ಗಬಲ್ಲದು. ಮೆಣಸಿನ ಹಳದಿ ನುಸಿ ಮತ್ತು ಅದನ್ನು ತಿನ್ನುವ ಅಂಬ್ಲಿಸಿಯಸ್ ಓವಾಲಿಸ್‌ನ ನಡುವಿನ ನಂಟನ್ನು ಧಾರವಾಡದ ಸಂಶೋಧಕರು ಎರಡು ದಶಕಗಳ ಹಿಂದೆಯೇ ಗಮನಿಸಿದ್ದರು.

ಹೊರದೇಶದ ಕಥೆ ಬೇರೆ. 1958ರಲ್ಲಿ ಚಿಲಿಯಿಂದ ಜರ್ಮನಿಗೆ ಬಂದ ಆರ್ಕಿಡ್ ಗಿಡಗಳ ಜೊತೆ ಫೈಟೊಸೀಯುಲಸ್ ಪರ್ಸಿಮಿಲಿಸ್ ಎಂಬ ಬೇಟೆನುಸಿ ಆಕಸ್ಮಿಕವಾಗಿ ಬಂದಿಳಿಯಿತು. ಅದರ ಹಸಿವನ್ನು ಕಂಡ ಯುರೋಪಿನ ಸಂಶೋಧಕರು ಅದನ್ನು ಗಾಜಿನ ಮನೆಗಳಿಗೆ ಒಯ್ದರು. 1967ರಲ್ಲಿ ಯಾನ್ ಕಾಪರ್ಟ್ ಎಂಬ ಡಚ್ ಸೌತೆ ಬೆಳೆಗಾರ ಅದನ್ನೇ ಸಾಕಿ ಮಾರತೊಡಗಿದ. ಇಂದು ಜಗತ್ತಿನ ದೊಡ್ಡ ಜೈವಿಕ ನಿಯಂತ್ರಣ ಕಂಪನಿಗಳಲ್ಲಿ ಅವನ ಹೆಸರಿನದೂ ಒಂದು. ಈ ಯಶಸ್ಸನ್ನು ಓದಿದವರಿಗೆ ಅದನ್ನೇ ತಂದು ಇಲ್ಲಿ ಬಿಟ್ಟರಾಯಿತಲ್ಲ ಎನಿಸುವುದು ಸಹಜ. ಅಡ್ಡ ಬರುವುದು ನಮ್ಮ ಹವೆ. ಪರ್ಸಿಮಿಲಿಸ್‌ಗೆ ಬೇಕಾದದ್ದು ತಂಪು ಮತ್ತು ತೇವ. ಗಾಳಿಯ ತೇವ ಶೇಕಡಾ 60ಕ್ಕಿಂತ ಕೆಳಗಿಳಿದರೆ ಅದರ ಮೊಟ್ಟೆಗಳು ಒಡೆಯುವ ಮೊದಲೇ ಒಣಗತೊಡಗುತ್ತವೆ. ಉಷ್ಣತೆ 30 ಡಿಗ್ರಿ ದಾಟಿದರೆ ಅದು ಸೊರಗುತ್ತದೆ, ಜೇಡನುಸಿ ಮಾತ್ರ ಹಿಗ್ಗುತ್ತದೆ. ಬಳ್ಳಾರಿಯ ಏಪ್ರಿಲಿನಲ್ಲಿ ಪಾದರಸ 40 ದಾಟುತ್ತದೆ. ಹೊರದೇಶದ ಜೀವಿಯನ್ನು ತರುವುದಕ್ಕೆ 2003ರ ಸಸ್ಯ ದಿಗ್ಬಂಧನ ಆದೇಶದ ಪ್ರಕಾರ ಅನುಮತಿಯೂ ಬೇಕು. ಅಷ್ಟೆಲ್ಲ ಮಾಡಿ ತಂದರೂ ಬಯಲು ಹೊಲದಲ್ಲಿ ಅದು ನಮ್ಮ ಬೇಸಿಗೆಗೆ ತಾಳುವ ಜೀವಿಯಲ್ಲ. ಈ ಬಿಸಿಲನ್ನು ಹುಟ್ಟಿನಿಂದಲೇ ಬಲ್ಲ ಲಾಂಗಿಸ್ಪೈನೋಸಸ್ ಇಲ್ಲಿ ನಮಗೆ ಹೆಚ್ಚು ಬೆಲೆಯದು.

ಇನ್ನು ನೀರಿನ ವಿಷಯ. ಹವಾಮಾನ ಕೇಂದ್ರದ ತೇವಾಂಶಕ್ಕೂ ನುಸಿ ಅನುಭವಿಸುವ ತೇವಾಂಶಕ್ಕೂ ಅಂತರವಿದೆ. ಎಲೆ ತನ್ನ ರಂಧ್ರಗಳಿಂದ ನೀರಾವಿ ಬಿಡುತ್ತಿರುತ್ತದೆ. ಹೆಚ್ಚಿನ ರಂಧ್ರಗಳು ಅಡಿಭಾಗದಲ್ಲಿ. ಹಾಗಾಗಿ ಎಲೆಯ ಅಡಿಗೆ ಅಂಟಿದಂತೆ ಒಂದು ತೆಳು ತೇವದ ಪದರ ಇರುತ್ತದೆ, ಅರ್ಧ ಮಿಲಿಮೀಟರಿನ ಪ್ರಾಣಿ ಬದುಕುವುದು ಆ ಪದರದೊಳಗೆ. ಗಿಡಕ್ಕೆ ನೀರಿದ್ದರೆ ಪದರ ಉಳಿಯುತ್ತದೆ, ಗಿಡ ಬಾಡಿದರೆ ಪದರವೂ ಹೋಗುತ್ತದೆ. ಹೊಸಪೇಟೆಯ ರಾಯ ಕಾಲುವೆ, ಬಸವಣ್ಣ ಕಾಲುವೆ, ಹಂಪಿಯ ಗುಡ್ಡಗಳ ನಡುವೆ ಹಾಯುವ ತುರ್ತು ಕಾಲುವೆ, ಇವೆಲ್ಲ ವಿಜಯನಗರದ ಕಾಲದವು. 1953ರಲ್ಲಿ ತುಂಗಭದ್ರಾ ಅಣೆಕಟ್ಟೆ ಬಂದ ಮೇಲೂ ಅವು ಸಾಯಲಿಲ್ಲ, ಇಂದಿಗೂ ಬಾಳೆ, ಕಬ್ಬು, ತೆಂಗನ್ನು ಹಸಿರಾಗಿಡುತ್ತಿವೆ. ಕಮಲಾಪುರದ ಕೆರೆಯ ಕೆಳಗಿನ ಬಾಳೆ ತೋಟದೊಳಗೆ ಮೇ ತಿಂಗಳ ಮಧ್ಯಾಹ್ನ ಹೊಕ್ಕವರಿಗೆ ಆ ಬೇರೆ ಹವೆ ಮೈಗೇ ಗೊತ್ತಾಗುತ್ತದೆ. ಅಲ್ಲಿಂದ ಹೊರಬಿದ್ದು ಮಳೆಯಾಶ್ರಿತ ಜೋಳದ ಹೊಲಕ್ಕೆ ನಡೆದರೆ ಎಲ್ಲವೂ ತಿರುಗುಮುರುಗು. ಹಿಂಗಾರು ಜೋಳದ ಎಲೆ ನುಸಿ ಒಲಿಗೊನಿಕಸ್ ಇಂಡಿಕಸ್ ಒಣ ಹವೆಯಲ್ಲಿ ಎಲೆಯನ್ನು ಕೆಂಪಗೆ ಸುಡುತ್ತದೆ. ಅಲ್ಲಿ ಬೇಟೆನುಸಿಗಿಂತ ಸ್ಟೆಥೋರಸ್ ಎಂಬ ಸಾಸಿವೆಗಿಂತ ಚಿಕ್ಕ ಕಪ್ಪು ಗುಲಗಂಜಿ ಹುಳುವಿನ ಮೇಲೆ ನನಗೆ ಹೆಚ್ಚು ಭರವಸೆ. ಭತ್ತದ ತೆನೆ ನುಸಿ ಎಲೆಯ ಒರೆಯೊಳಗೆ ಅಡಗುವುದರಿಂದ ಅದರ ಲೆಕ್ಕವೇ ಬೇರೆ. ಇಲ್ಲಿ ಅದನ್ನು ಬಿಟ್ಟಿದ್ದೇನೆ.

ಕಾಲುವೆ ಬದಿಯ ತೆಂಗಿನ ಬಗ್ಗೆ ಎರಡು ಮಾತು. ಮೆಕ್ಸಿಕೋದ ಗೆರೆರೊ ಪ್ರಾಂತದಿಂದ 1965ರಲ್ಲಿ ವರ್ಣಿತವಾದ ಏಸೇರಿಯಾ ಗೆರೆರೊನಿಸ್ ಎಂಬ ನುಸಿ 1998ರ ಹೊತ್ತಿಗೆ ಕೇರಳದಲ್ಲಿ ವರದಿಯಾಗಿ, ಬೇಗನೆ ಕರ್ನಾಟಕದ ತೋಟಗಳಿಗೂ ಹಬ್ಬಿತು. ಕಾಯಿಗಳು ಕಂದು ಗೀರು ಬಿದ್ದು ಸಣ್ಣಗಾದವು, ಬೇರಿನ ಮೂಲಕ ಔಷಧ ಕೊಡುವ ಪದ್ಧತಿ ಊರೂರಿಗೂ ಬಂತು. ಆ ನುಸಿ ಎಳೆಗಾಯಿಯ ತೊಟ್ಟಿನ ಟೊಪ್ಪಿಗೆಯ ಅಡಿಯಲ್ಲಿರುತ್ತದೆ, ಸಿಂಪಡಿಸಿದ ಹನಿ ಅಲ್ಲಿಗೆ ಮುಟ್ಟುವುದಿಲ್ಲ. ಆದರೆ ಚಪ್ಪಟೆ ಮೈಯ ನಿಯೋಸಿಯುಲಸ್ ಬರಾಕಿ ಎಂಬ ಬೇಟೆನುಸಿ ಅಲ್ಲಿಗೆ ನುಸುಳಬಲ್ಲದು. ಶ್ರೀಲಂಕಾದ ಲುನುವಿಲದ ತೆಂಗು ಸಂಶೋಧನಾ ಸಂಸ್ಥೆ ಅದನ್ನು ಸಾಕಿ ತೋಟಗಳಿಗೆ ಬಿಡುವ ಕೆಲಸ ಮಾಡಿದೆ. ನಮ್ಮ ತೆಂಗುಗಳಲ್ಲಿಯೂ ಈ ಬರಾಕಿ ಇದೆ.

ಊರಿನ ಬೇಟೆಗಾರರ ಬೆಲೆ ಎಷ್ಟು ಎಂಬುದನ್ನು ಒಂದು ವಲಸೆಯ ಕಥೆ ಚೆನ್ನಾಗಿ ತೋರಿಸುತ್ತದೆ. 1924ರಲ್ಲಿ ಹರ್ಸ್ಟ್ ಎಂಬ ಪ್ರಾಣಿಶಾಸ್ತ್ರಜ್ಞ ಕೊಯಮತ್ತೂರಿನ ತೆಂಗಿನಿಂದ ಬಂದ ಕೆಂಪು ನುಸಿಯೊಂದಕ್ಕೆ ರಾವೊಯೆಲ್ಲಾ ಇಂಡಿಕಾ ಎಂದು ಹೆಸರಿಟ್ಟ. ಎಂಬತ್ತು ವರ್ಷ ಅದು ನಮ್ಮಲ್ಲಿ ಅಷ್ಟೇನೂ ಸದ್ದು ಮಾಡಲಿಲ್ಲ. 2004ರಲ್ಲಿ ಕೆರಿಬಿಯನ್ ದ್ವೀಪಗಳನ್ನು ಮುಟ್ಟಿದ್ದೇ ತಡ, ತೆಂಗನ್ನಷ್ಟೇ ಅಲ್ಲ, ಬಾಳೆಯನ್ನೂ ಹಳದಿಯಾಗಿಸಿತು. ಅಲ್ಲಿಯವರು ಆಮೇಲೆ ಅಂಬ್ಲಿಸಿಯಸ್ ಲಾರ್ಗೊಎನ್ಸಿಸ್ ಎಂಬ ಬೇಟೆನುಸಿಯ ಬೆನ್ನು ಹತ್ತಿದರು. ನುಸಿ ಅದೇ, ಬದಲಾದದ್ದು ಸುತ್ತಲಿನ ಶತ್ರುಬಳಗ. ನಮ್ಮ ಬಾಳೆ ಎಲೆಯ ಅಡಿಯಲ್ಲಿ ಇಂದು ನಡೆಯುತ್ತಿರುವ ಕಾವಲನ್ನು ನಾವು ಕಾಣದಿರುವುದಕ್ಕೆ ಕಾರಣ, ಅದು ಸರಿಯಾಗಿ ನಡೆಯುತ್ತಿರುವುದೇ.

ಸಂಡೂರಿನ ಕಡೆ ತಿರುಗಿದರೆ ಧೂಳು. ಧೂಳು ಕೂತ ರಸ್ತೆಬದಿಯ ಗಿಡಗಳಲ್ಲಿ ಜೇಡನುಸಿ ಹೆಚ್ಚು ಎಂಬುದು ರೈತರೂ ಶಾಸ್ತ್ರಜ್ಞರೂ ಒಪ್ಪುವ ಅನುಭವ. ಕಾರಣದ ಒಂದು ಎಳೆಯನ್ನು ಕ್ಯಾಲಿಫೋರ್ನಿಯಾದ ಕೀಟಶಾಸ್ತ್ರಜ್ಞ ಬಾರ್ಟ್ಲೆಟ್ 1951ರಲ್ಲಿ ಹಿಡಿದಿದ್ದ: ಯಾವ ವಿಷವೂ ಇಲ್ಲದ ಬರೀ ಪುಡಿಗಳು ಪರೋಪಜೀವಿ ಕಣಜಗಳನ್ನು ಸಾಯಿಸಬಲ್ಲವು ಎಂದು. ಮೈ ಮೇಲಿನ ಮೇಣದ ತೆಳು ಹೊದಿಕೆಯನ್ನು ಪುಡಿ ಉಜ್ಜಿ, ಹೀರಿ ತೆಗೆಯುತ್ತದೆ, ಒಳಗಿನ ನೀರು ಆರುತ್ತದೆ. ಎಲೆಯಿಂದ ಎಲೆಗೆ ಓಡಿ ಬೇಟೆ ಹುಡುಕುವ ಪ್ರಾಣಿ ಧೂಳಿಗೆ ಮೈಯೊಡ್ಡುವುದೂ ಹೆಚ್ಚು. ಜೇಡನುಸಿಯಾದರೋ ತನ್ನ ಬಲೆಯ ಚಪ್ಪರದಡಿ ಕೂತಲ್ಲೇ ತಿನ್ನುತ್ತದೆ. ಬಿದ್ದ ಧೂಳು ಚಪ್ಪರದ ಮೇಲೆಯೇ ನಿಲ್ಲುತ್ತದೆ. ಸಂಡೂರು–ಹೊಸಪೇಟೆ ರಸ್ತೆಯಲ್ಲಿ ಅದಿರು ಲಾರಿಗಳು ಸಾಲುಗಟ್ಟಿ ಓಡಿದ ವರ್ಷಗಳಲ್ಲಿ ಬದಿಯ ಮರಗಿಡ, ಮನೆಯ ಗೋಡೆ, ದನದ ಮೈ ಎಲ್ಲಕ್ಕೂ ಒಂದೇ ಕೆಂಪು ಬಣ್ಣ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. 2012–13ರಲ್ಲಿ ಷರತ್ತುಗಳೊಂದಿಗೆ ಹಂತಹಂತವಾಗಿ ಮತ್ತೆ ತೆರೆಯಲು ಬಿಟ್ಟಿತು. ನಡುವಿನ ಆ ಕಾಲಾವಧಿ ಒಂದು ಪ್ರಯೋಗವೇ ಆಗಿತ್ತು. ಅದೇ ರಸ್ತೆ, ಅದೇ ಹೊಲ, ಧೂಳು ಮಾತ್ರ ಕಡಿಮೆ. ಆಗ ಒಂದೊಂದು ಹೊಲದ ನೂರು ಎಲೆಗಳನ್ನು ತಿರುಗಿಸಿ ಎರಡೂ ಬಗೆಯ ನುಸಿಗಳನ್ನು ಎಣಿಸಿ ಇಟ್ಟಿದ್ದರೆ ಇಂದು ಎಂಥ ಆಸ್ತಿಯಾಗುತ್ತಿತ್ತು ಎಂಬ ಹಳಹಳಿ ನನ್ನನ್ನು ಬಿಟ್ಟಿಲ್ಲ.

ಈ ಸೀಮೆಯ ಭೂರಚನೆಯೇ ಬೇಟೆಗಾರನ ಪರವಾಗಿದೆ ಎಂದು ನಂಬಲು ನನಗೊಂದು ಆಧಾರವಿದೆ. ಬರ್ಕ್ಲಿಯ ವಿಜ್ಞಾನಿ ಹಫೇಕರ್ 1958ರಲ್ಲಿ ಪ್ರಕಟಿಸಿದ ಪ್ರಯೋಗ ನುಸಿಶಾಸ್ತ್ರದ ಆಚೆಗೂ ಹೆಸರಾದದ್ದು. ಕಿತ್ತಳೆ ಹಣ್ಣುಗಳನ್ನೂ ರಬ್ಬರ್ ಚೆಂಡುಗಳನ್ನೂ ಜೋಡಿಸಿ, ಒಂದು ಜಾತಿಯ ಹಣ್ಣುತಿನ್ನಿ ನುಸಿಯನ್ನೂ ಒಂದು ಜಾತಿಯ ಬೇಟೆನುಸಿಯನ್ನೂ ಬಿಟ್ಟ. ಹಣ್ಣುಗಳು ಒತ್ತಾಗಿದ್ದಾಗ ಬೇಟೆನುಸಿ ಎಲ್ಲವನ್ನೂ ತಿಂದು ತಾನೂ ಹಸಿದು ಸತ್ತಿತು. ನಡುವೆ ವ್ಯಾಸಲೀನಿನ ಗೆರೆಗಳನ್ನು ಬಳಿದು, ತಿನ್ನುವ ನುಸಿ ಗಾಳಿಗೆ ತೇಲಿ ಹೋಗಲು ಪುಟ್ಟ ಕಡ್ಡಿಗಳನ್ನು ನೆಟ್ಟು, ತುಣುಕುತುಣುಕಾದ ಲೋಕವೊಂದನ್ನು ಮಾಡಿಕೊಟ್ಟಾಗ ಎರಡೂ ಉಳಿದು, ಮೂರು ಬಾರಿ ಏರಿಳಿದವು. ಹಂಪಿಯ ಸುತ್ತ ಹೆಬ್ಬಂಡೆಗಳ ನಡುವೆ ತುಂಡುತುಂಡಾಗಿ ಹರಡಿರುವ ಬಾಳೆ, ಭತ್ತ, ತೆಂಗು, ಬೇಲಿಯ ಹಸಿರು ಆ ಕಿತ್ತಳೆಗಳ ಲೋಕವನ್ನೇ ನೆನಪಿಸುತ್ತದೆ. ಕಂಪ್ಲಿಯಿಂದ ಮುಂದಕ್ಕೆ ಕಪ್ಪು ನೆಲದಲ್ಲಿ ಕಣ್ಣು ಹಾಯುವವರೆಗೂ ಮೆಣಸೊಂದೇ ಇರುವ ಹೊಲಗಳಲ್ಲಿ ಈ ಅನುಕೂಲವಿಲ್ಲ. ಅಲ್ಲಿ ತುಣುಕುಗಳನ್ನು ನಾವೇ ಮಾಡಬೇಕು.

ಮಾಡುವ ದಾರಿ ನಮ್ಮ ಹಳೆಯ ರೂಢಿಯಲ್ಲಿಯೇ ಇದೆ. ಹೊಲದ ಸುತ್ತ ಔಡಲ ಹಾಕುವುದು ಬಳ್ಳಾರಿ ಕಡೆಯ ರೈತರಿಗೆ ಗೊತ್ತಿರುವ ಪದ್ಧತಿ. ತಂಬಾಕು ಹುಳುವನ್ನು ಸೆಳೆಯಲು ಎಂದು ಹಾಕುತ್ತಾರೆ. ಓವಾಲಿಸ್‌ನಂಥ ಬೇಟೆನುಸಿಗಳು ನುಸಿ ಸಿಗದ ದಿನಗಳಲ್ಲಿ ಪರಾಗ ತಿಂದು ಬದುಕುತ್ತವೆ. ಪ್ರಯೋಗಾಲಯಗಳಲ್ಲಿ ಇಂಥವನ್ನು ಸಾಕಲು ಬಳಸುವ ಪರಾಗಗಳಲ್ಲಿ ಔಡಲದ್ದು ಮುಖ್ಯ. ಹಾಗಾದರೆ ಔಡಲದ ಅಂಚು ಹುಳುವಿಗೆ ಬಲೆ ಮಾತ್ರವಲ್ಲ, ಬೇಟೆನುಸಿಗೆ ಬುತ್ತಿಯೂ ಹೌದು. ಹಲವು ಮೆಣಸಿನ ಗಿಡಗಳ ಎಲೆಯಡಿ ನರಗಳು ಕವಲೊಡೆಯುವ ಮೂಲೆಯಲ್ಲಿ ಪುಟ್ಟ ರೋಮದ ಗುಚ್ಛವಿರುತ್ತದೆ. ಬೇಟೆನುಸಿ ಮೊಟ್ಟೆಯಿಡುವುದು ಅಲ್ಲಿ. ಊಟ ಅಂಚಿನಲ್ಲಿ, ಮನೆ ಎಲೆಯಲ್ಲಿ. ಉಳಿದದ್ದು ಎಣ್ಣೆಯ ವಿಷಯ. ದಶಕಗಳ ಕಾಲ ನುಸಿಗೆ ಮೊದಲ ಮದ್ದಾಗಿದ್ದ ಡೈಕೋಫಾಲ್ ಅನ್ನು 2023ರಲ್ಲಿ ಕೇಂದ್ರ ಸರ್ಕಾರ ನಿಷೇಧಿಸಿತು. ನೀರಲ್ಲಿ ಕರಗುವ ಗಂಧಕ ಉಳಿದಿದೆ. ಆದರೆ ಅದು ಬೇಟೆನುಸಿಗೂ ಒಳ್ಳೆಯದಲ್ಲ. ಕೆಳಕ್ಕೆ ಬಾಗಿದ ಎಲೆ ಕಂಡ ಸಾಲಿಗಷ್ಟೇ ಹೊಡೆದು, ಉಳಿದ ಸಾಲುಗಳನ್ನು ಬೇಟೆಗಾರನಿಗೆ ಬಿಡುವುದು ಲೇಸು.

ನೋಡುವ ಬಗೆ ಹೀಗೆ: ಬೆಳಗಿನ ಹೊತ್ತು, ಹತ್ತು ಪಟ್ಟು ದೊಡ್ಡದು ಮಾಡುವ ಕೈಮಸೂರವೊಂದು ಸಾಕು. ಕುಡಿಯಿಂದ ಮೂರನೆಯದೋ ನಾಲ್ಕನೆಯದೋ ಎಲೆಯನ್ನು ಕೀಳದೆ ತಿರುಗಿಸಿ, ಮೆಲ್ಲಗೆ ಉಸಿರು ಬಿಡಬೇಕು. ಬೆಚ್ಚನೆಯ ಉಸಿರು ತಾಗಿದಾಗ ಬೆಳೆ ತಿನ್ನುವ ನುಸಿ ಕೂತಲ್ಲೇ ಕೂರುತ್ತದೆ, ಇಲ್ಲವೇ ನಿಧಾನಕ್ಕೆ ಸರಿಯುತ್ತದೆ. ಬೇಟೆಯದು ನರದ ಗುಂಟ ಸರ್ರನೆ ಓಡುತ್ತದೆ, ನಿಲ್ಲುತ್ತದೆ, ಮುಂಗಾಲು ಆಡಿಸುತ್ತದೆ, ಮತ್ತೆ ಓಡುತ್ತದೆ. ಹಗರಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿಯೋ ಸಿರುಗುಪ್ಪದ ಸಂಶೋಧನಾ ಕೇಂದ್ರದಲ್ಲಿಯೋ ಮುಂದೆ ಯಾರಾದರೂ ಈ ಸೀಮೆಯ ಎಣಿಕೆ ಕೈಗೊಂಡರೆ, ರೈತರ ಜೊತೆ ಮಾತಿಗೆ ಅವರಿಗೊಂದು ಹೆಸರು ಬೇಕಾಗುತ್ತದೆ. ‘ಪರಭಕ್ಷಕ’ ಎಂಬುದು ಹೊಲದಲ್ಲಿ ನಾಲಗೆಗೆ ಹತ್ತುವುದಿಲ್ಲ. ತಲೆಬರಹದಲ್ಲಿ ನಾನು ‘ಬೇಟೆನುಸಿ’ ಎಂದು ಬರೆದಿದ್ದೇನೆ. ಕಂಪ್ಲಿಯ ಹೊಲದಲ್ಲಿ ಮಸೂರ ಕಣ್ಣಿಗಿಟ್ಟುಕೊಂಡ ಹುಡುಗನೊಬ್ಬ ನೋಡಿದ ಕೂಡಲೇ “ಓಡೋ ನುಸಿ ಇದು” ಎಂದ. ಆ ಹೆಸರೇ ಸರಿಯೆಂದು ಕಾಣುತ್ತದೆ.